ಹೊಲಿಗೆಯ ಕಿರು ಉದ್ಯಮ: ಗ್ರಾಮೀಣ ದಂಪತಿಗಳೊಡನೆ ಕೆಲವು ಮಾತುಗಳು



ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಒಂದು ಹೊಲಿಗೆ ಯಂತ್ರವಿರುತ್ತದೆ. ತವರಿನ ಬಳುವಳಿಯಾಗಿಯೋ, ಸರ್ಕಾರದ ಸಹಾಯವಾಗಿಯೋ, ಕೂಡಿಟ್ಟ ಹಣದಿಂದಲೋ ಅದು ಬಂದಿರುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ಯಂತ್ರಗಳು ಒಂದೆರಡು ವರ್ಷಗಳಲ್ಲಿಯೇ ಮೂಲೆ ಸೇರುತ್ತವೆ. ಅವುಗಳ ಮೇಲೆ ಹಾಸಿಗೆ ಹೊದಿಕೆಗಳನ್ನು ಪೇರಿಸಿಡುವುದೂ ಉಂಟು. ಹೀಗಾಗುವುದು ಕಸುಬು ಬಾರದ್ದರಿಂದಲ್ಲ. ಹೊಲಿಯುವ ಕೈಗೆ ಸಮಯ ದೊರೆಯುವುದಿಲ್ಲ. ದುಡಿದ ಹಣಕ್ಕೆ ಲೆಕ್ಕವಿರುವುದಿಲ್ಲ. ಈ ಎರಡು ಕೊರತೆಗಳನ್ನು ಗಂಡಹೆಂಡಿರು ಕೂಡಿ ನೀಗಿದಲ್ಲಿ ಆ ಯಂತ್ರವು ಸಂಸಾರಕ್ಕೆ ಊರುಗೋಲಾಗಬಲ್ಲದು. ಇಂದು ಆ ವಿಷಯವನ್ನೇ ನಿಮ್ಮೊಡನೆ ಹೇಳಬೇಕೆಂದಿದ್ದೇನೆ.

ಮೊದಲನೆಯದು ಕಲಿಕೆ. ಮನೆಮಂದಿಯ ಬಟ್ಟೆ ಹೊಲಿಯುವುದು ಬೇರೆ, ಹಣ ಪಡೆದು ಹೊಲಿಯುವುದು ಬೇರೆ. ಅಳತೆ ತಪ್ಪಿ ಒಂದು ರೇಷ್ಮೆ ರವಿಕೆ ಕೆಟ್ಟರೆ, ಆ ಸುದ್ದಿ ಸಂಜೆಯೊಳಗೆ ಕೇರಿಯೆಲ್ಲ ಹರಡುತ್ತದೆ. ಆದ್ದರಿಂದ ಕತ್ತರಿಸುವ ವಿದ್ಯೆಯನ್ನು ಕ್ರಮವಾಗಿ ಕಲಿಯಬೇಕು. ಧರ್ಮಸ್ಥಳದ ಸಮೀಪದ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಅದರ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಊಟ ವಸತಿಗಳೊಡನೆ ಉಚಿತವಾಗಿ ಹೊಲಿಗೆಯನ್ನು ಕಲಿಸುತ್ತವೆ. ಹೆಂಡತಿ ಆ ದಿನಗಳಲ್ಲಿ ಮನೆ ಬಿಟ್ಟಿರಬೇಕಾಗುತ್ತದೆ. ಆಗ ಒಲೆಯನ್ನೂ ಮಕ್ಕಳನ್ನೂ ಗಂಡನು ನೋಡಿಕೊಳ್ಳುವುದೇ ಈ ಉದ್ಯಮಕ್ಕೆ ಅವನು ಹೂಡುವ ಮೊದಲ ಬಂಡವಾಳ.

ಎರಡನೆಯದು ಸಲಕರಣೆ. ಕಾಲಿನಿಂದ ತುಳಿಯುವ ಯಂತ್ರವೊಂದು, ಒಳ್ಳೆಯ ಕತ್ತರಿ, ಅಳತೆಯ ಟೇಪು, ಗುರುತಿನ ಸೀಮೆಸುಣ್ಣ, ಇಸ್ತ್ರಿ ಪೆಟ್ಟಿಗೆ, ದಾರ, ಹುಕ್ಕು, ಗುಂಡಿ. ಆರಂಭಕ್ಕೆ ಇಷ್ಟೇ ಸಾಕು. ವಿದ್ಯುತ್ತು ಹೋದರೂ ಕಾಲಿನ ಯಂತ್ರ ನಿಲ್ಲುವುದಿಲ್ಲ. ತೆಳು ಬಟ್ಟೆಗೆ 11ರ ಸೂಜಿ, ಸಾಧಾರಣ ಹತ್ತಿಬಟ್ಟೆಗೆ 14, ದಪ್ಪ ಬಟ್ಟೆಗೆ 16 ಎಂಬುದನ್ನು ನೆನಪಿನಲ್ಲಿಡಬೇಕು. ಮೊಂಡಾದ ಸೂಜಿ ಬಟ್ಟೆಯ ಎಳೆಯನ್ನು ಎಳೆದು ಕೆಡಿಸುತ್ತದೆ. ಯಂತ್ರದ ಧೂಳು ತೆಗೆದು ಎಣ್ಣೆ ಬಿಡುವುದನ್ನು ವಾರಕ್ಕೊಮ್ಮೆ ತಪ್ಪದೆ ಮಾಡಬೇಕು.

ಹಣ ಸಾಲದಿದ್ದರೆ ಲೇವಾದೇವಿಯವನ ಬಾಗಿಲಿಗೆ ಹೋಗಬೇಡಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಗಳವರೆಗೆ ಅಡವಿಲ್ಲದೆ ಸಾಲ ದೊರೆಯುತ್ತದೆ. 2023ರ ಸೆಪ್ಟೆಂಬರ್ 17ರಂದು ಪ್ರಾರಂಭಿಸಲಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ. ಅದರಲ್ಲಿ ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಆದುದರಿಂದ ಯಂತ್ರದ ಮುಂದೆ ನಿಜವಾಗಿ ಕುಳಿತುಕೊಳ್ಳುವವರು ಯಾರೋ ಅವರ ಹೆಸರಿನಲ್ಲಿಯೇ ಅರ್ಜಿ ಇರಲಿ. ನೋಂದಣಿ ತೆರೆದಿದೆಯೇ ಎಂಬುದನ್ನು ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿರಿ. ಸಣ್ಣ ಉದ್ಯಮಗಳ 'ಉದ್ಯಮ್' ನೋಂದಣಿಗೆ ಸರ್ಕಾರದ ಶುಲ್ಕವಿಲ್ಲ. ಅದಕ್ಕೆಂದು ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿರಿ.

ಇನ್ನು ಗಿರಾಕಿಗಳ ವಿಚಾರ. ಹಳ್ಳಿಯಲ್ಲಿ ಹೊಲಿಗೆಯ ಕೆಲಸ ವರ್ಷವಿಡೀ ಒಂದೇ ಸಮನಾಗಿ ಬರುವುದಿಲ್ಲ. ಯುಗಾದಿ, ಗೌರಿ ಗಣೇಶ, ದೀಪಾವಳಿ, ಊರ ಜಾತ್ರೆ, ಮದುವೆಯ ದಿನಗಳಲ್ಲಿ ಕೈಗೆ ಬಿಡುವಿರುವುದಿಲ್ಲ. ಶಾಲೆ ತೆರೆಯುವ ವೇಳೆಗೆ ಸಮವಸ್ತ್ರಗಳು ಬರುತ್ತವೆ. ಮಳೆಗಾಲದ ನಾಟಿಯ ಹೊತ್ತಿಗೆ ಯಾರ ಕೈಯಲ್ಲಿಯೂ ಹಣವಿರುವುದಿಲ್ಲ. ಇಂತಹ ಬರಿದಿನಗಳಲ್ಲಿ ಸೀರೆಗೆ ಫಾಲ್ಸ್ ಹಚ್ಚುವುದು, ಹರಿದುದನ್ನು ಸರಿಪಡಿಸುವುದು, ಲಂಗ, ಕೈಚೀಲ, ದಿಂಬಿನ ಚೀಲಗಳನ್ನು ಹೊಲಿದಿಡುವುದು ಜಾಣತನ. ಕೊಟ್ಟ ಮಾತಿನ ದಿನಕ್ಕೆ ಬಟ್ಟೆ ಕೊಡುವುದಕ್ಕಿಂತ ದೊಡ್ಡ ಪ್ರಚಾರ ಬೇರೊಂದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಅದು ಲೆಕ್ಕ. ಒಂದು ಉದಾಹರಣೆಯನ್ನು ನೋಡೋಣ. ತಿಂಗಳಿಗೆ 40 ರವಿಕೆಗಳನ್ನು ತಲಾ 100 ರೂಪಾಯಿಗೆ ಹೊಲಿದರೆಂದು ಇಟ್ಟುಕೊಳ್ಳಿ. ಬಂದದ್ದು 4,000 ರೂಪಾಯಿ. ದಾರ, ಹುಕ್ಕು, ಸೂಜಿ, ಎಣ್ಣೆ, ವಿದ್ಯುತ್ತಿಗೆ 600 ಕಳೆಯಿರಿ. ಯಂತ್ರದ ದುರಸ್ತಿಗೆಂದು 300 ತೆಗೆದಿಡಿರಿ. ಉಳಿದದ್ದು 3,100. ದಿನಕ್ಕೆ ನಾಲ್ಕು ಗಂಟೆಯಂತೆ 25 ದಿನ ಹೊಲಿದಿದ್ದರೆ ಒಟ್ಟು 100 ಗಂಟೆ; ಗಂಟೆಗೆ ದೊರೆತದ್ದು 31 ರೂಪಾಯಿ. ಈ ಕೂಲಿ ಸಾಕೇ ಎಂದು ಗಂಡಹೆಂಡಿರು ಕುಳಿತು ಯೋಚಿಸಿ ದರವನ್ನು ನಿಗದಿ ಮಾಡಬೇಕು. ನೆರೆಹೊರೆಯವರು, ನೆಂಟರು 'ಆಮೇಲೆ ಕೊಡುತ್ತೇವೆ' ಎಂದು 10 ರವಿಕೆಗಳ ಹಣ ನಿಲ್ಲಿಸಿದರೆ ಉಳಿಯುವುದು 2,100 ಮಾತ್ರ. ನೆಂಟಸ್ತನಕ್ಕೆ ಊಟ ಹಾಕಬಹುದು. ಹೊಲಿಗೆಯ ಕೂಲಿಯನ್ನು ಬಿಡಲಾಗದು. ಒಂದು ನೋಟುಬುಕ್ಕಿನಲ್ಲಿ ಅಳತೆ, ದಿನಾಂಕ, ಮುಂಗಡ, ಬಾಕಿ ಇವುಗಳನ್ನು ಅಂದಂದೇ ಬರೆಯಿರಿ. ಹೊಲಿಯುವವರ ಹೆಸರಿನಲ್ಲಿ ಬ್ಯಾಂಕಿನ ಖಾತೆ ಇರಲಿ. ದಾರ ತರಲು ಇಟ್ಟ ಹಣ ಮನೆಯ ಸಾಮಾನಿಗೆ ಕರಗಿದರೆ ಮುಂದಿನ ವಾರ ಯಂತ್ರ ನಿಲ್ಲುತ್ತದೆ. ಅದೇ ಹಣ ಗಂಡನ ಚಟಕ್ಕೆ ಹೋದರೆ ಯಂತ್ರವೂ ಒಂದು ದಿನ ಅಡವಿಗೆ ಹೋಗುತ್ತದೆ.

ಕೊನೆಯದಾಗಿ ಆರೋಗ್ಯ. ಬೆಳಕು ಎಡಗಡೆಯಿಂದ ಬೀಳುವಂತೆ ಯಂತ್ರವನ್ನಿಡಿರಿ. ಬಲಗೈಯ ನೆರಳು ಹೊಲಿಗೆಯ ಮೇಲೆ ಬೀಳದು. ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು. ಮುಕ್ಕಾಲು ಗಂಟೆಗೊಮ್ಮೆ ಎದ್ದು ನಡೆದಾಡಿ, ದೂರದ ಮರವನ್ನೋ ಹೊಲವನ್ನೋ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿರಿ. ಸೂಜಿ ಬೆರಳಿಗೆ ನಾಟಿದರೆ ಸಾಬೂನಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿರಿ. ಗುಂಡಿ, ಸೂಜಿ, ಕತ್ತರಿಗಳು ಮಕ್ಕಳ ಕೈಗೆ ಎಟುಕದಿರಲಿ. ಗರ್ಭಿಣಿಯಾದಾಗ ದೀರ್ಘಕಾಲ ಒಂದೇ ಕಡೆ ಕುಳಿತು ತುಳಿಯುವುದು ಬೇಡ. ಆ ತಿಂಗಳುಗಳಿಗೆಂದು ಮೊದಲೇ ಒಂದಿಷ್ಟು ಹಣವನ್ನು ಉಳಿಸಿಟ್ಟರೆ, ಬಾಣಂತನ ಮುಗಿದ ಬಳಿಕ ಯಂತ್ರವು ಮತ್ತೆ ತಿರುಗುತ್ತದೆ.

ಸೋದರರೇ, ಹೊಲ ಗೆದ್ದು ಬಂದ ನಿಮಗೆ ದಣಿವಿರುವಂತೆ, ನಾಲ್ಕು ಗಂಟೆ ತಲೆ ತಗ್ಗಿಸಿ ಹೊಲಿದ ಆಕೆಗೂ ದಣಿವಿದೆ. ನೀರು ಸೇದುವುದು, ಮಗುವನ್ನು ಎತ್ತಿಕೊಳ್ಳುವುದು, ಪಟ್ಟಣದಿಂದ ದಾರ ತರುವುದು ಇವು ನಿಮ್ಮ ಪಾಲಿಗಿರಲಿ. ಸೋದರಿಯರೇ, ನಿಮ್ಮ ಕೆಲಸಕ್ಕೆ ಬೆಲೆ ಕೇಳಲು ಸಂಕೋಚಪಡಬೇಡಿರಿ. ಇಂದು ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು, ದಿನದ ಯಾವ ನಾಲ್ಕು ಗಂಟೆ ಯಂತ್ರಕ್ಕೆ ಮೀಸಲು ಎಂಬುದನ್ನು ಗೊತ್ತುಮಾಡಿಕೊಳ್ಳಿರಿ. ನಿಮ್ಮ ಉದ್ಯಮ ಅಲ್ಲಿಂದಲೇ ಆರಂಭವಾಗುತ್ತದೆ.