ಕೋರ್ಟಿನ ಆದೇಶ ಪೆಟ್ಟಿಗೆಯಲ್ಲಿ, ಮಗುವಿನ ಫೀಸು ಬಾಕಿಯಲ್ಲಿ

(ಆವನಿಯಲ್ಲಿ ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ನಿಮ್ಮ ಊರಿನಲ್ಲಿ ನಿಂತು ಜೀವನಾಂಶದ ಬಗ್ಗೆ ಮಾತನಾಡುವುದಕ್ಕೆ ಬೇರೆ ಪೀಠಿಕೆ ಬೇಕಾಗಿಲ್ಲ. ಬೆಟ್ಟದ ಮೇಲೆ ಸೀತಮ್ಮನ ಗುಡಿ ಇದೆ. ತುಂಬು ಬಸುರಿಯನ್ನು ಗಂಡ ಕಾಡಿಗೆ ಕಳಿಸಿದ, ವಾಲ್ಮೀಕಿಯ ಆಶ್ರಮ ಇದ್ದದ್ದು, ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಆವನಿಯವರು ನಂಬಿಕೊಂಡು ಬಂದಿದ್ದೀರಿ. ಕೆಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರ ಹೆಸರಿನಲ್ಲೆಲ್ಲ ಗುಡಿಗಳಿವೆ. ಮಕ್ಕಳನ್ನು ಸಾಕಿದವಳು ಬೆಟ್ಟ ಹತ್ತಿ ಕೂತಿದ್ದಾಳೆ. ಆ ಇಬ್ಬರು ಮಕ್ಕಳ ಅನ್ನ ಬಟ್ಟೆಗೆ ಅಯೋಧ್ಯೆಯಿಂದ ಏನಾದರೂ ಬಂತೇ ಎಂದು ಯಾವ ಹರಿಕಥೆ ದಾಸರೂ ಹೇಳಿದ್ದು ನಾನು ಕೇಳಿಲ್ಲ.

ಜೀವನಾಂಶ ಪಡೆಯುವುದು ಹೇಗೆ ಎಂದು ಇವತ್ತು ಹೇಳುವುದಿಲ್ಲ. ಅದನ್ನು ಬೇಕಾದಷ್ಟು ಶಿಬಿರಗಳಲ್ಲಿ ಕೇಳಿದ್ದೀರಿ. ವರದಕ್ಷಿಣೆ ಸಾಲದೆಂದು ಹೊಡೆದು ತವರಿಗೆ ಅಟ್ಟಿದ ಮೇಲೆ, ವರ್ಷಗಟ್ಟಲೆ ಮುಳಬಾಗಿಲಿಗೆ ಬಸ್ಸಿನಲ್ಲಿ ಅಲೆದು, ವಾಯಿದೆ ಮೇಲೆ ವಾಯಿದೆ ನೋಡಿ, ಕೊನೆಗೆ ಒಂದು ಆದೇಶ ಕೈಗೆ ಬರುತ್ತದೆ. ಮಗುವಿಗೆ ಇಷ್ಟು, ತಾಯಿಗೆ ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಮೊದಲ ಎರಡು ತಿಂಗಳು ಹಣ ಬರುತ್ತದೆ, ಮೂರನೇ ತಿಂಗಳು ನಿಲ್ಲುತ್ತದೆ. ಆದೇಶ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಹೋಗಿ ಕೂರುತ್ತದೆ. "ಹೋಗಲಿ ಬಿಡಕ್ಕ, ಅವನ ಹತ್ತಿರ ಯಾರು ಕೇಳಿಸಿಕೊಳ್ತಾರೆ" ಎನ್ನುತ್ತೇವೆ. ನಾನು ಮಾತನಾಡಬೇಕೆಂದು ಬಂದಿರುವುದು ಈ "ಹೋಗಲಿ ಬಿಡು" ಎನ್ನುವುದರ ಬಗ್ಗೆ.

ಮೊದಲು ಕಲಂ ನಂಬರು ತಿಳಿದಿರಲಿ, ಏಕೆಂದರೆ ಇತ್ತೀಚೆಗೆ ಅದು ಬದಲಾಗಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹೆಂಡತಿ ಮಕ್ಕಳ ಜೀವನಾಂಶಕ್ಕೆ 125ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ, ಅದರಲ್ಲಿ ಇದೇ ವಿಷಯ 144ನೇ ಕಲಂ. ಮೊತ್ತ ಬದಲಾಯಿಸಲು ಮೊದಲು 127, ಈಗ 146. ಆದೇಶ ಜಾರಿ ಮಾಡಿಸಲು ಮೊದಲು 128, ಈಗ 147. ಒಳಗಿನ ಹೂರಣ ಹೆಚ್ಚು ಕಡಿಮೆ ಅದೇ. ವಕೀಲರು ಈಗಲೂ ಬಾಯಿಮಾತಿನಲ್ಲಿ "ನೂರಿಪ್ಪತ್ತೈದು" ಎಂದೇ ಹೇಳುತ್ತಾರೆ, ಗಾಬರಿಯಾಗಬೇಡಿ.

ಈಗ ಬಾಕಿಯ ವಿಷಯ. ಇಲ್ಲಿ ಒಂದು ಗಡುವು ಇದೆ, ಅದನ್ನು ತಿಳಿಯದೆ ಹೆಣ್ಣುಮಕ್ಕಳು ಕಳೆದುಕೊಂಡ ಹಣಕ್ಕೆ ಲೆಕ್ಕವಿಲ್ಲ. ಹಣ ಕೊಡಬೇಕಾದ ದಿನದಿಂದ ಒಂದು ವರ್ಷದ ಒಳಗೆ ವಸೂಲಿಗೆ ಅರ್ಜಿ ಹಾಕಬೇಕು. ಹಾಕದಿದ್ದರೆ ಆ ಬಾಕಿಗೆ ಮ್ಯಾಜಿಸ್ಟ್ರೇಟರು ವಾರಂಟು ಹೊರಡಿಸುವಂತಿಲ್ಲ. ಲೆಕ್ಕ ಹಾಕಿ ನೋಡೋಣ. ಮಗುವಿಗೆ 3,000, ತಾಯಿಗೆ 2,000, ಒಟ್ಟು ತಿಂಗಳಿಗೆ 5,000 ರೂಪಾಯಿ ಎಂದು ಆದೇಶವಾಗಿದೆ ಎಂದಿಟ್ಟುಕೊಳ್ಳಿ. ಅವನು 20 ತಿಂಗಳಿಂದ ಕೊಟ್ಟಿಲ್ಲ. ಬಾಕಿ 1 ಲಕ್ಷ. ಇವತ್ತು ಅರ್ಜಿ ಹಾಕಿದರೆ ವಾರಂಟಿನ ದಾರಿಯಲ್ಲಿ ಸಿಗುವುದು ಹಿಂದಿನ 12 ತಿಂಗಳದ್ದು, ಅಂದರೆ 60,000. ಉಳಿದ 40,000 ಆ ದಾರಿಯಿಂದ ಹೊರಗೆ ಬಿತ್ತು. ಅದರ ಮೇಲಿನ ಹಕ್ಕು ಸತ್ತುಹೋಯಿತು ಎಂದಲ್ಲ, ಸಿವಿಲ್ ದಾರಿ ಇದೆ. ಆದರೆ ಆ ದಾರಿ ಎಷ್ಟು ಉದ್ದ ಎಂದು ಜಮೀನು ಕೇಸು ನಡೆಸಿದ ಮನೆಯವರನ್ನು ಕೇಳಿ. ಗಂಡನ ಕಡೆಯವರಿಗೆ ಈ ಒಂದು ವರ್ಷದ ಮಾತು ಚೆನ್ನಾಗಿ ಗೊತ್ತು. "ಮುಂದಿನ ಸುಗ್ಗಿಗೆ ಕೊಡ್ತಾನೆ, ಉಗಾದಿ ಕಳೀಲಿ" ಎಂದು ಹಿರಿಯರ ಬಾಯಲ್ಲಿ ಹೇಳಿಸುವುದರಲ್ಲಿ ಎಷ್ಟೋ ಸಲ ಇದೇ ಲೆಕ್ಕ ಇರುತ್ತದೆ. ಮಾತುಕತೆ ಬೇಡ ಎನ್ನುತ್ತಿಲ್ಲ. ಅರ್ಜಿ ಹಾಕಿ, ಆಮೇಲೆ ಮಾತನಾಡಿ.

ಒಮ್ಮೆ ಗಡುವಿನ ಒಳಗೆ ಅರ್ಜಿ ಹಾಕಿದರೆ, ಕೇಸು ನಡೆಯುವಾಗ ಬೆಳೆಯುವ ಬಾಕಿಯನ್ನು ಅದೇ ಅರ್ಜಿಗೆ ಸೇರಿಸಿಕೊಂಡು ಹೋಗಬಹುದು. ಇದು ನಮ್ಮ ಕರ್ನಾಟಕದ ಹೆಣ್ಣುಮಗಳೊಬ್ಬಳು ಸುಪ್ರೀಂ ಕೋರ್ಟಿನವರೆಗೆ ಹೋಗಿ ಗಳಿಸಿಕೊಟ್ಟ ತೀರ್ಪು. 2005ರ ಶಾಂತಾ ವಿರುದ್ಧ ಬಿ.ಜಿ. ಶಿವನಂಜಪ್ಪ ಪ್ರಕರಣ. ಪ್ರತಿ ಬಾರಿ ಹೊಸ ಅರ್ಜಿ ಹಾಕಬೇಕಿತ್ತು, ಗಡುವು ಮೀರಿದೆ ಎಂಬ ತಕರಾರನ್ನು ಕೋರ್ಟು ಒಪ್ಪಲಿಲ್ಲ. ಜೀವನಾಂಶದ ಕಾನೂನು ಇರುವುದು ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದೆಂದು, ಅದನ್ನು ಆ ದೃಷ್ಟಿಯಿಂದಲೇ ಓದಬೇಕು ಎಂಬುದು ಅದರ ತಿರುಳು. ನಿಮ್ಮ ವಕೀಲರಿಗೆ ಈ ಪ್ರಕರಣದ ಹೆಸರು ಹೇಳಿ. ನಾವು ಹೇಳುವುದರಲ್ಲಿ ತಪ್ಪೇನಿಲ್ಲ.

ಅರ್ಜಿಯ ಜೊತೆ ಆದೇಶದ ಪ್ರತಿ, ಯಾವ ತಿಂಗಳು ಎಷ್ಟು ಬಂತು, ಎಷ್ಟು ಬಾಕಿ ಎಂಬ ಪಟ್ಟಿ ಕೊಡಬೇಕು. ಸಂಘದ ಪುಸ್ತಕ ಬರೆಯುವ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವಾರದ ಉಳಿತಾಯ, ಸಾಲದ ಕಂತು, ಬಡ್ಡಿ ಎಲ್ಲವನ್ನೂ ರೂಪಾಯಿ ಬಿಡದೆ ಬರೆಯುತ್ತೀರಿ. ಅದೇ ಗೆರೆ ಹಾಕಿ ಇನ್ನೊಂದು ಹಾಳೆ. ಆದೇಶದ ಪ್ರತಿಯನ್ನು ದುಡ್ಡು ತೆಗೆದುಕೊಳ್ಳದೆ ಕೊಡಬೇಕೆಂದು ಕಾನೂನಿನಲ್ಲೇ ಇದೆ. ಹಣವನ್ನು ಕೈಯಲ್ಲಿ ಈಸಿಕೊಳ್ಳಬೇಡಿ, ಬ್ಯಾಂಕ್ ಖಾತೆಗೆ ಹಾಕಿಸಿ. ಜಾತ್ರೆಯಲ್ಲಿ ಮಗುವಿಗೆ 500 ರೂಪಾಯಿ ಕೊಟ್ಟು ಹೋದವನು ಕೋರ್ಟಿನಲ್ಲಿ "ಕೈಯಲ್ಲೇ ಕೊಡ್ತಾ ಬಂದಿದೀನಿ ಸ್ವಾಮಿ" ಎನ್ನುತ್ತಾನೆ. ಪಾಸ್‌ಬುಕ್ ಇದ್ದರೆ ಆ ಮಾತು ನಿಲ್ಲುವುದಿಲ್ಲ.

ಕೋರ್ಟಿನ ಕೈಯಲ್ಲಿ ಏನಿದೆ? ದಂಡ ವಸೂಲಿ ಮಾಡುವ ಹಾಗೆ ಬಾಕಿ ವಸೂಲಿಗೆ ವಾರಂಟು ಹೊರಡಿಸಬಹುದು. ಅವನ ಬೈಕು, ಹಸು ಇಂಥ ಚರ ಆಸ್ತಿಯನ್ನು ಜಪ್ತಿ ಮಾಡಿ ಹರಾಜು ಹಾಕಬಹುದು. ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿ ವಸೂಲಿ ಮಾಡಿದಂತೆ ಜಮೀನಿನ ಮೇಲೂ ಹೋಗಬಹುದು. ಇದನ್ನು ಕೇಳುವವರೇ ಕಡಿಮೆ. ಪಹಣಿ ಅವನ ಹೆಸರಿನಲ್ಲಿದ್ದರೆ ಅದರ ಪ್ರತಿ ತೆಗೆಸಿ ಅರ್ಜಿಗೆ ಲಗತ್ತಿಸಿ. ಇಷ್ಟಾದ ಮೇಲೂ ಕೊಡದಿದ್ದರೆ ಒಂದು ತಿಂಗಳವರೆಗೆ ಜೈಲು.

ಜೈಲಿನ ಮಾತು ಬಂದಾಗ ಒಂದು ತಪ್ಪು ತಿಳಿವಳಿಕೆ ಊರೂರಲ್ಲೂ ಇದೆ. "ಜೈಲಿಗೆ ಹೋಗಿ ಬಂದೆನಲ್ಲ, ಲೆಕ್ಕ ತೀರಿತು" ಎಂದು ಗಂಡಸರು ಅರಳಿಕಟ್ಟೆಯಲ್ಲಿ ಕೂತು ಹೇಳುತ್ತಾರೆ, ನಾವೂ ನಂಬುತ್ತೇವೆ. ತೀರುವುದಿಲ್ಲ. ಜೈಲು ಹಣ ಕೊಡಿಸುವ ಉಪಾಯವೇ ಹೊರತು ಹಣಕ್ಕೆ ಬದಲಿ ಅಲ್ಲ, ಕೊಟ್ಟಾಗಲೇ ಬಾಕಿ ತೀರುವುದು ಎಂದು ಸುಪ್ರೀಂ ಕೋರ್ಟು 1989ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಇನ್ನು ವಾರಂಟು ಹಾಗೇ ವಾಪಸು ಬರುವ ಕಥೆ. "ಆಸಾಮಿ ಊರಲ್ಲಿಲ್ಲ" ಎಂದು ಒಂದು ಸಾಲು ಬರೆದು ಕಳಿಸಿಬಿಡುತ್ತಾರೆ. ಆಸಾಮಿ ಪ್ರತಿದಿನ ಬೆಳಿಗ್ಗೆ ಡೇರಿಗೆ ಹಾಲು ಹಾಕುತ್ತಿರುತ್ತಾನೆ! ಹಾಗಾಗಿ ಅವನು ಎಲ್ಲಿ ಸಿಗುತ್ತಾನೆ ಎಂಬುದನ್ನು ನಾವೇ ಬರೆದುಕೊಡಬೇಕು. ನರಸಾಪುರದ ಕಾರ್ಖಾನೆಯಲ್ಲಿ ಯಾವ ಪಾಳಿ, ಮಾಲೂರಿನ ಯಾವ ಇಟ್ಟಿಗೆ ಗೂಡು, ಬೆಂಗಳೂರಿನಲ್ಲಿ ಯಾರ ಮನೆ. ನಮ್ಮ ಮುಳಬಾಗಿಲಿನ ಕಡೆ ಇನ್ನೊಂದು ಸೌಕರ್ಯ ಇದೆ ಅವರಿಗೆ, ಗಡಿ ದಾಟುವುದು. ಅರ್ಧ ನೆಂಟಸ್ತನ ಪಲಮನೇರು, ಪುಂಗನೂರು, ಮದನಪಲ್ಲಿ ಕಡೆ. ಅಲ್ಲಿ ಹೋಗಿ ಕೂತರೆ ಕರ್ನಾಟಕದ ಕೋರ್ಟು ಏನು ಮಾಡೀತು ಎಂಬ ಧೈರ್ಯ. ಹಾಗೇನಿಲ್ಲ. ಅವನು ಎಲ್ಲಿರುತ್ತಾನೋ ಅಲ್ಲಿನ ಮ್ಯಾಜಿಸ್ಟ್ರೇಟರೇ ಈ ಆದೇಶವನ್ನು ಜಾರಿ ಮಾಡಬಹುದು. ಆಂಧ್ರವಾದರೂ ಸರಿ, ತಮಿಳುನಾಡಾದರೂ ಸರಿ.

ವಾರಂಟಿಗೆ ಹೆದರಿ ಬಂದವನು 5,000 ಕಟ್ಟಿ ವಾರಂಟು ರದ್ದು ಮಾಡಿಸಿಕೊಂಡು ಮತ್ತೆ ಆರು ತಿಂಗಳು ಮಾಯವಾಗುತ್ತಾನೆ. ಅಂಥ ಹೊತ್ತಿನಲ್ಲಿ ಉಳಿದ ಬಾಕಿಗೆ ಕಂತು, ತಾರೀಖು ಎರಡನ್ನೂ ಕೋರ್ಟಿನ ದಾಖಲೆಯಲ್ಲಿ ಬರೆಸಿ ಎಂದು ವಕೀಲರನ್ನು ಕೇಳಿಕೊಳ್ಳಿ.

ಇನ್ನೊಂದು ಆಟ: "ಬಾ ಮನೆಗೆ, ಸಾಕ್ತೀನಿ. ಬರಲ್ಲ ಅಂದ್ರೆ ಯಾಕೆ ಕೊಡಲಿ?" ಹೊಡೆತಕ್ಕೆ ಹೆದರಿ ಹೊರಬಂದವಳು ಯಾವ ಧೈರ್ಯದ ಮೇಲೆ ಹೋಗಬೇಕು? ಹೋಗದಿರುವುದಕ್ಕೆ ನಿಮ್ಮ ಕಾರಣ ಏನು ಎಂದು ಕೋರ್ಟು ಕೇಳುತ್ತದೆ, ಹೇಳಿ. ಅವನು ಇನ್ನೊಂದು ಮದುವೆ ಮಾಡಿಕೊಂಡಿದ್ದರೆ ಅಥವಾ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಅದೇ ಸಾಕಷ್ಟು ಕಾರಣ ಎಂದು ಕಾನೂನು ಹೇಳುತ್ತದೆ.

ಪಂಚಾಯ್ತಿ ಕಾಗದದ ಬಗ್ಗೆ ಹೇಳಲೇಬೇಕು. "ಇಬ್ಬರೂ ಒಪ್ಪಿ ಬೇರೆ ಇರುತ್ತೇವೆ, ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇಲ್ಲ" ಎಂದು ಛಾಪಾ ಕಾಗದದ ಮೇಲೆ ಬರೆಸಿ, ಐವತ್ತು ಸಾವಿರ ಕೈಗಿಟ್ಟು, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಗಂಡ ಹೆಂಡತಿ ಪರಸ್ಪರ ಒಪ್ಪಿ ಬೇರೆ ಇದ್ದರೆ ಹೆಂಡತಿಗೆ ಈ ಕಲಮಿನ ಜೀವನಾಂಶ ಇಲ್ಲ ಎಂದು ಕಾನೂನಿನಲ್ಲಿದೆ. ಆ ಒಂದು ಸಾಲು ಯಾಕೆ ಬರೆಸುತ್ತಾರೆ ಎಂದು ಈಗ ಅರ್ಥವಾಯಿತಲ್ಲ. ಓದಿಸಿಕೊಳ್ಳದೆ ಯಾವುದಕ್ಕೂ ಸಹಿ ಬೇಡ. ಈಗಾಗಲೇ ಹಾಕಿದವರಿದ್ದರೆ, ಮಗುವಿನ ಹಕ್ಕು ಬೇರೆ. ಅದನ್ನು ತಾಯಿಯೂ ಮಾರಲಾರಳು, ಪಂಚಾಯ್ತಿಯೂ ಬಿಟ್ಟುಕೊಡಲಾರದು. ಮದುವೆಯ ಆಚೆ ಹುಟ್ಟಿದ ಮಗುವಿಗೂ ತಂದೆ ಕೊಡಲೇಬೇಕು.

ಈಗ ಮೊತ್ತ ಬದಲಾಯಿಸುವ ವಿಷಯ. 2001ಕ್ಕೆ ಮುಂಚೆ ತಿಂಗಳಿಗೆ 500 ರೂಪಾಯಿ ಎಂಬ ಮಿತಿ ಕಾನೂನಿನಲ್ಲೇ ಇತ್ತು. ಆ ವರ್ಷದ ತಿದ್ದುಪಡಿಯಲ್ಲಿ ಮಿತಿ ಹೋಯಿತು, ಕೇಸು ಮುಗಿಯುವ ಮೊದಲೇ ಮಧ್ಯಂತರ ಜೀವನಾಂಶ ಕೊಡಿಸುವ ಅವಕಾಶವೂ ಬಂತು. ಆದರೂ ಮಗು ಅಂಗನವಾಡಿಯಲ್ಲಿದ್ದಾಗ ಆದ ಆದೇಶವನ್ನೇ ಹಿಡಿದು, ಅದು ಪಿಯುಸಿಗೆ ಬಂದರೂ ಅದೇ 1,500ಕ್ಕೆ ಕಾಯುತ್ತಿರುವವರಿದ್ದಾರೆ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿದರೆ ಮೊತ್ತ ಹೆಚ್ಚಿಸಬಹುದು. ಶಾಲೆಯ ಫೀಸಿನ ರಸೀತಿ, ಹಾಸ್ಟೆಲು, ಬಸ್ ಪಾಸು, ಆಸ್ಪತ್ರೆಯ ಚೀಟಿ ಎಲ್ಲ ಎತ್ತಿಡಿ. ಅವನ ವರಮಾನ ಏರಿದ್ದೂ ಕಾರಣವೇ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಸಾಲ, ವರಮಾನದ ಪ್ರಮಾಣಪತ್ರ ಕೊಡಬೇಕೆಂದೂ, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದೂ ಹೇಳಿತು. ಪ್ರಮಾಣಪತ್ರದಲ್ಲಿ ನಮ್ಮ ಗಂಡಸರೆಲ್ಲ ಕೂಲಿಗಳೇ. ಕೋಲಾರದ ಮಾರ್ಕೆಟ್ಟಿನಲ್ಲಿ 2023ರ ಜುಲೈಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗಲೂ ಕೋರ್ಟಿಗೆ ಬಂದು "ಬೆಳೆ ಹೋಯ್ತು ಸ್ವಾಮಿ" ಎನ್ನುವವರಿಗೇನು ಕಡಿಮೆ? ಮಂಡಿ ಚೀಟಿ, ಡೇರಿಯ ಬಟವಾಡೆ, ರೇಷ್ಮೆಗೂಡು ಮಾರಿದ ರಸೀತಿ, ಸಿಕ್ಕಿದ್ದನ್ನು ಕೊಡಿ. ಸಿಗದಿದ್ದರೆ ಅವು ಎಲ್ಲಿವೆ ಎಂದು ಹೇಳಿ, ಅವನಿಂದ ತರಿಸಿ ಎಂದು ಕೋರ್ಟನ್ನು ಕೇಳಬಹುದು. ಕೆಲಸವೇ ಇಲ್ಲ ಎಂದರೂ, ಮೈಯಲ್ಲಿ ಶಕ್ತಿ ಇರುವ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಅದೇ ಕೋರ್ಟು ಹೇಳಿದೆ.

ನ್ಯಾಯ ಎಂದರೆ ಎರಡೂ ಕಡೆ ಹೇಳಬೇಕು. ಅವನಿಗೆ ನಿಜವಾಗಿ ಕಾಯಿಲೆಯಾಗಿ, ಕೆಲಸ ಹೋಗಿದ್ದರೆ ಕಡಿಮೆ ಮಾಡಿ ಎಂದು ಕೇಳುವ ಹಕ್ಕು ಅವನಿಗೂ ಇದೆ. ಆದರೆ ಕೋರ್ಟಿಗೆ ಹೋಗಿ ಕೇಳಬೇಕು, ತಾನೇ ಅರ್ಧ ಮಾಡಿಕೊಂಡು ಕಳಿಸುವಂತಿಲ್ಲ. ಹೊಸ ಆದೇಶ ಬರುವ ತನಕ ಹಳೆಯ ಮೊತ್ತವೇ ನಡೆಯುತ್ತದೆ, ಅರ್ಧ ಕಳಿಸಿದರೆ ಉಳಿದರ್ಧ ಬಾಕಿ.

"ಅವಳು ಸಂಘದಲ್ಲಿ ಐವತ್ತು ಸಾವಿರ ತಗೊಂಡಿದಾಳೆ, ಗೃಹಲಕ್ಷ್ಮಿ ದುಡ್ಡು ಬೇರೆ ಬರುತ್ತೆ" ಎಂಬ ವಾದಕ್ಕೂ ಸಿದ್ಧರಾಗಿರಿ. ಸಂಘದ್ದು ಸಾಲ, ವರಮಾನವಲ್ಲ. ಕಂತಿನ ಪುಸ್ತಕ ತೋರಿಸಿ. 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಹಣ ಸರ್ಕಾರ ಕೊಡುವುದು, ಅಪ್ಪನಾದವನ ಜವಾಬ್ದಾರಿಗೆ ಅದು ಹೇಗೆ ವಜಾ ಆದೀತು? ಹೆಂಡತಿ ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ ಎಂದು 2020ರ ಆ ತೀರ್ಪಿನಲ್ಲೇ ಇದೆ.

ನಮ್ಮ ಮುಸ್ಲಿಂ ಅಕ್ಕತಂಗಿಯರಿಗೆ ಈ ಕಲಂ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಲಾಖ್ ಆದವರೂ ಇದರಡಿ ಕೇಳಬಹುದು ಎಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ, ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಫೋನು 15100. ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ಹಿಂಸೆ ಕಾಯಿದೆಯಲ್ಲೂ ಹಣ ಕೇಳಬಹುದು. ಅದರಲ್ಲಿ ಒಂದು ಅನುಕೂಲ ಇದೆ: ಅವನು ಸಂಬಳದ ನೌಕರನಾದರೆ, ಸಂಬಳದಿಂದಲೇ ಹಿಡಿದು ಕಟ್ಟಿ ಎಂದು ಮಾಲೀಕರಿಗೆ ಕೋರ್ಟು ಆದೇಶಿಸಬಹುದು. ಅದಕ್ಕೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಿ, ಸಂರಕ್ಷಣಾಧಿಕಾರಿ ಎಂದರೆ ಅವರೇ.

ವಾಯಿದೆಯ ದಿನ ಒಬ್ಬಳನ್ನೇ ಕಳಿಸಬೇಡಿ. ಸಂಘದಿಂದ ಇಬ್ಬರು ಜೊತೆಗೆ ಹೋಗಿ ಕೋರ್ಟ್ ಹಾಲಿನಲ್ಲಿ ಕೂತರೂ ಸಾಕು, ಹೊರಗೆ ಮರದ ಕೆಳಗೆ ನಡೆಯುವ "ರಾಜಿ ಮಾಡ್ಕೊಳಮ್ಮ" ಎಂಬ ಗದರಿಕೆ ಅರ್ಧ ಕಡಿಮೆಯಾಗುತ್ತದೆ. ಈಗ ನಿಮ್ಮಲ್ಲಿ ಆದೇಶ ತಂದಿರುವವರು ಯಾರಿದ್ದೀರಿ, ಮುಂದೆ ಬನ್ನಿ. ಕೊನೆಯ ಸಲ ಹಣ ಬಂದ ತಿಂಗಳು ಯಾವುದು ಎಂಬುದರಿಂದ ಎಣಿಸಲು ಶುರು ಮಾಡೋಣ.