ಕಾವಲಿಲ್ಲದ ಗೋಡೆ
(ಶತಮಾನೋತ್ಸವದ ಕೃತಜ್ಞತಾ ಆರಾಧನೆಯಲ್ಲಿ ಮಾಡಿದ ಪ್ರವಚನ)



ನೂರು ವರ್ಷಗಳ ಕಾಲ ಈ ಶಾಲೆಯನ್ನು ಕಾಪಾಡಿದ ದೇವರಿಗೆ ಸ್ತೋತ್ರ ಸಲ್ಲಿಸಲು ನಾವು ಕೂಡಿದ್ದೇವೆ. ಹಬ್ಬದ ದಿನ ಎಚ್ಚರಿಕೆಯ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಕಷ್ಟದ ದಿನಗಳಲ್ಲಿ ಪ್ರಾರ್ಥಿಸುವ ನಾವು, ಎಲ್ಲವೂ ಸರಿಯಾಗಿದೆ ಎಂದುಕೊಂಡ ದಿನವೇ ಎಡವುತ್ತೇವೆ.

ಪ್ರಕಟನೆ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಸಾರ್ದಿಸಿನ ಸಭೆಗೆ ಬರೆದ ಪತ್ರವಿದೆ. ಜೀವವುಳ್ಳ ಸಭೆಯೆಂಬ ಹೆಸರು ಅದಕ್ಕಿತ್ತು; ಕರ್ತನ ದೃಷ್ಟಿಯಲ್ಲಿ ಅದು ಸತ್ತಿತ್ತು. ಎಚ್ಚರಗೊಳ್ಳಬೇಕೆಂಬುದೇ ಅದಕ್ಕೆ ಬಂದ ಆಜ್ಞೆ.

ಆ ಊರಿನವರಿಗೆ ಈ ಮಾತು ನಾಟಿರಬೇಕು. ಇಂದಿನ ತುರ್ಕಿ ದೇಶದಲ್ಲಿದ್ದ ಸಾರ್ದಿಸ್ ಲಿಡಿಯಾ ರಾಜ್ಯದ ರಾಜಧಾನಿ. ಅದರ ಕೋಟೆ ಕಡಿದಾದ ಬೆಟ್ಟದ ಮೇಲಿತ್ತು. ಕ್ರಿ.ಪೂ. 546ರ ಸುಮಾರಿಗೆ ಪಾರಸಿಯ ಕೋರೆಷನು ಅದನ್ನು ಮುತ್ತಿದನು. ಕೋಟೆಯ ಸಿಪಾಯಿಯೊಬ್ಬನ ಶಿರಸ್ತ್ರಾಣ ಉರುಳಿಬಿತ್ತು. ಅವನು ಬಂಡೆಯಿಳಿದು ಅದನ್ನೆತ್ತಿಕೊಂಡು ಮರಳಿದನು. ನೋಡುತ್ತಿದ್ದ ಶತ್ರು ಅದೇ ದಾರಿಯಿಂದ ಹತ್ತಿದನೆಂದು ಹೆರೊಡೊಟಸ್ ಬರೆದಿದ್ದಾನೆ. ಅಲ್ಲಿ ಯಾರೂ ಹತ್ತಲಾರರೆಂದು ಕಾವಲನ್ನೇ ಇಟ್ಟಿರಲಿಲ್ಲ. ಮುನ್ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಮೂರನೆಯ ಅಂತಿಯೋಕನ ಕಾಲದಲ್ಲಿಯೂ ಹಾಗೆಯೇ ಆಯಿತು. ಗೋಡೆಯ ಮೇಲೆ ಹದ್ದುಗಳು ನೆಮ್ಮದಿಯಾಗಿ ಕುಳಿತಿರುವುದನ್ನು ಕಂಡು, ಅಲ್ಲಿ ಕಾವಲಿಲ್ಲವೆಂದು ಶತ್ರುಗಳು ತಿಳಿದುಕೊಂಡರು.

ಪೇತ್ರನ ಕಥೆಯೂ ಇದೇ ಅಲ್ಲವೇ? ಎಲ್ಲರೂ ಬಿಟ್ಟುಹೋದರೂ ತಾನು ಬಿಡೆನೆಂದು ಆಣೆಯಿಟ್ಟಂತೆ ನುಡಿದವನು ಗೆತ್ಸೇಮನೆಯಲ್ಲಿ ನಿದ್ರೆಹೋದನು. ಕೋಳಿ ಕೂಗುವ ಮುನ್ನ ಮೂರು ಸಾರಿ ಅಲ್ಲಗಳೆದನು. ಅವನಿಗೆ ಪ್ರೀತಿಯ ಕೊರತೆಯಿರಲಿಲ್ಲ. ತನ್ನ ಪ್ರೀತಿಯ ಮೇಲೆಯೇ ಅತಿಯಾದ ಭರವಸೆಯಿತ್ತು.

ಹಾಗಾದರೆ ನಾವು ಕಾವಲಿಡದ ಮೂಲೆ ಯಾವುದು? ದೀಕ್ಷಾಸ್ನಾನವಾಗಿದೆ, ಕೀರ್ತನೆಗಳು ಬಾಯಿಪಾಠವಾಗಿವೆ, ಆರಾಧನೆ ತಪ್ಪುವುದಿಲ್ಲ. ಆದರೂ ನೆರೆಯವನೊಡನೆ ವರ್ಷಗಟ್ಟಲೆ ಮಾತು ಬಿಟ್ಟಿರುತ್ತೇವೆ. ಸುತ್ತಲೂ ಬೇರೆ ನುಡಿಯಿರುವ ಈ ಗಡಿಯಲ್ಲಿ ಅಜ್ಜನ ಕನ್ನಡ ಸತ್ಯವೇದ ನಮ್ಮ ಕಪಾಟಿನಲ್ಲಿ ಭದ್ರವಾಗಿದೆ. ಅದನ್ನು ಬಿಡಿಸಿ ಓದಬಲ್ಲ ಮಗು ಮನೆಯಲ್ಲಿದೆಯೇ? ಶಾಲೆ ಕಲಿಸುತ್ತದೆ ಎಂದು ಮನೆಯವರು, ಮನೆಯಲ್ಲಿ ಓದುತ್ತಾರೆ ಎಂದು ಶಾಲೆಯವರು ನಿಶ್ಚಿಂತರಾಗಿದ್ದರೆ, ಗೋಡೆ ನಿಂತಿದ್ದರೂ ಕಾವಲಿಲ್ಲ. ಈ ಮಾತು ಇಲ್ಲಿರುವ ಅನ್ಯಮತದ ಬಂಧುಗಳಿಗೂ ಹೊರತಲ್ಲವೆಂದು ನಂಬುತ್ತೇವೆ.

ಎಚ್ಚರವೆಂದರೆ ಭಯವಲ್ಲ. ಸಾರ್ದಿಸಿನ ಸಭೆಗೆ ಕರ್ತನು ಹೇಳಿದ್ದು ಮೂರು: ಹೊಂದಿದ್ದನ್ನು ನೆನೆಯುವುದು, ಅದನ್ನು ಕಾಪಾಡುವುದು, ತಿರುಗಿಕೊಳ್ಳುವುದು. ರಾತ್ರಿ ಮಲಗುವ ಮುನ್ನ ಆ ದಿನದ ಒಂದು ತಪ್ಪನ್ನಾದರೂ ಹೆಸರಿಟ್ಟು ಒಪ್ಪಿಕೊಳ್ಳೋಣ. ನಮ್ಮನ್ನು ತಿದ್ದುವ ಒಬ್ಬರನ್ನಾದರೂ ಹತ್ತಿರ ಇಟ್ಟುಕೊಳ್ಳೋಣ. ಮಕ್ಕಳೊಡನೆ ದಿನಕ್ಕೊಂದು ಅಧ್ಯಾಯ ಓದೋಣ.

ಪೇತ್ರನು ಅತ್ತನು, ಕ್ಷಮೆ ಹೊಂದಿದನು. ಎಚ್ಚರವಾಗಿರಬೇಕೆಂಬ ಬುದ್ಧಿಮಾತು ಅವನ ಹೆಸರಿನ ಮೊದಲನೆಯ ಪತ್ರದಲ್ಲಿಯೇ ಇದೆ. ನಿದ್ರೆಹೋದವನನ್ನೇ ಕರ್ತನು ಕಾವಲಿಗೆ ನಿಲ್ಲಿಸಿದನು. ನಮ್ಮನ್ನೂ ನಿಲ್ಲಿಸಲಿ.