ಹೆಬ್ಬೆಟ್ಟು ಒತ್ತುವ ಮುಂಚೆ
(ತಿಗನಾರೆಯ ಕೂಟದಲ್ಲಿ ಮಾಡಿದ ಭಾಷಣ)



ಸಂಸಾರ ಮುರಿಯುವ ಮಾತು ಯಾರಿಗೂ ಹಿತವಲ್ಲ. ಸಮಾಧಾನಕ್ಕೆ ದಾರಿ ಇರುವವರೆಗೂ ಅದನ್ನೇ ಹುಡುಕಬೇಕು. ಆದರೆ ಕುಡಿತ, ಹೊಡೆತಗಳಿಂದ ಜೀವಕ್ಕೇ ಅಪಾಯವಾದಾಗ, ಗಂಡ ತೋಟ ಬಿಟ್ಟುಹೋಗಿ ವರ್ಷಗಟ್ಟಲೆ ಸುದ್ದಿಯಿಲ್ಲದಾಗ, ನಾವು ಮಾಡುವುದೇನು? ಹಿರಿಯರನ್ನು ಕೂಡಿಸಿ, ಛಾಪಾ ಕಾಗದದಲ್ಲಿ ಬಿಡುಗಡೆ ಬರೆಸಿ, ಹೆಬ್ಬೆಟ್ಟು ಒತ್ತಿಸುತ್ತೇವೆ. ಮಕ್ಕಳನ್ನೂ ಆಡುಕುರಿಗಳಂತೆ ಅದರಲ್ಲೇ ಹಂಚಿಬಿಡುತ್ತೇವೆ.

ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. ಸಭೆಯ ನ್ಯಾಯಮಂಡಳಿ ರದ್ದು ಮಾಡಿದರೂ ಕಾನೂನಿಗೆ ಸಾಲದೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕ್ರೈಸ್ತರ ವಿಚ್ಛೇದನ 1869ರ ಕಾಯಿದೆಯಂತೆ ನ್ಯಾಯಾಲಯದಲ್ಲೇ ಆಗಬೇಕು. ಕಾಗದ ನಂಬಿ ಮರುಮದುವೆಯಾದರೆ ಅದು ನಿಲ್ಲದು, ಶಿಕ್ಷೆಯೂ ಆದೀತು. ಹಿಂದೆ ಗಂಡನ ವ್ಯಭಿಚಾರವೊಂದೇ ಹೆಂಡತಿಯ ಅರ್ಜಿಗೆ ಸಾಲುತ್ತಿರಲಿಲ್ಲ. 2001ರ ತಿದ್ದುಪಡಿಯಿಂದ ಇಬ್ಬರಿಗೂ ಸಮಾನ ಹಕ್ಕು. ಕ್ರೌರ್ಯವಾಗಲಿ, ಎರಡು ವರ್ಷ ತೊರೆದಿರುವುದಾಗಲಿ, ಒಂದಿದ್ದರೂ ಸಾಕು.

ವಕೀಲರನ್ನು ಎಲ್ಲಿ ನೋಡಬೇಕು? ಚಾಮರಾಜನಗರ ಹತ್ತಿರ, ಮಾತೂ ನಮ್ಮದೇ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ, ಈರೋಡಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಆದರೂ ವಿಚ್ಛೇದನದ ಅರ್ಜಿ ಮದುವೆ ನಡೆದ ಕಡೆ, ಇಲ್ಲವೇ ದಂಪತಿಗಳು ಇರುವ ಅಥವಾ ಕೊನೆಯದಾಗಿ ಕೂಡಿ ಬಾಳಿದ ಕಡೆಯ ಕೋರ್ಟಿಗೇ ಹೋಗಬೇಕು. ಮಗುವಿನ ಅರ್ಜಿ ಮಗು ವಾಸವಿರುವ ಕಡೆ. ಇವೆಲ್ಲ ತಿಗನಾರೆಯೇ ಆಗಿದ್ದರೆ, ಈರೋಡು ಜಿಲ್ಲೆಯ ಕೋರ್ಟು. ಆ ಕೋರ್ಟಿನಲ್ಲೇ ನಡೆಸುವ, ಕ್ರೈಸ್ತರ ಕಾಯಿದೆ ಬಲ್ಲ ವಕೀಲರನ್ನು ಹುಡುಕೋಣ. ಕಾಗದ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳದೆ ಸಹಿ ಬೇಡ. ಫೀಜು ಎಷ್ಟೆಂದು ಮೊದಲೇ ಕೇಳಿ, ಕೊಟ್ಟ ಹಣಕ್ಕೆ ರಸೀದಿ ಪಡೆಯೋಣ.

ಹಣವಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ವರಮಾನ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳಬಹುದು. 15100ಕ್ಕೆ ಫೋನು ಮಾಡಿದರೂ ದಾರಿ ತೋರಿಸುತ್ತಾರೆ. ಇದು ಭಿಕ್ಷೆಯಲ್ಲ, ಹಕ್ಕು.

ಮಗು ಯಾರ ಸೊತ್ತೂ ಅಲ್ಲ. 1890ರ ಪಾಲಕರ ಕಾಯಿದೆಯಂತೆ ಕೋರ್ಟು ನೋಡುವುದು ಮಗುವಿನ ಹಿತವನ್ನು. ಶಾಲೆಗೆ ಕಳಿಸುವವರು ಯಾರು, ಜ್ವರ ಬಂದಾಗ ಕಾಯುವವರು ಯಾರು ಎಂಬುದಕ್ಕೆ ಅಲ್ಲಿ ಬೆಲೆಯಿದೆ. ಬಡತನವೊಂದೇ ತಾಯಿಯಿಂದ ಮಗುವನ್ನು ಕಸಿಯಲು ಕಾರಣವಲ್ಲ. ಜೀವನಾಂಶಕ್ಕೂ ವಿಚ್ಛೇದನದವರೆಗೆ ಕಾಯಬೇಕಿಲ್ಲ; ತಾನಿರುವ ಊರಿನ ಮ್ಯಾಜಿಸ್ಟ್ರೇಟರಿಗೇ ಹೆಂಡತಿ ಅರ್ಜಿ ಕೊಡಬಹುದು.

ಮದುವೆ ದಾಖಲೆಯ ನಕಲು, ಮಕ್ಕಳ ಜನನ ಪತ್ರ, ಶಾಲೆಯ ಪತ್ರ, ಆಸ್ಪತ್ರೆ ಚೀಟಿಗಳನ್ನು ಜೋಪಾನವಾಗಿಡೋಣ. ನಮ್ಮಲ್ಲಿ ಯಾವ ತಾಯಿಯೂ ಒಬ್ಬಳೇ ಘಾಟಿ ಇಳಿಯುವಂತಾಗಬಾರದು. ಒಬ್ಬರು ಜೊತೆಗೆ ಹೋಗೋಣ, ಇನ್ನೊಬ್ಬರು ಅವಳ ಮಕ್ಕಳನ್ನು ನೋಡಿಕೊಳ್ಳೋಣ.